ಚೆಕ್ಕುಬಂದಿ

ಹಾಸನದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು,
ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ
ವಾರವೆಲ್ಲ ನಾನು ಪತ್ರ ಬರೆಯುತ್ತೇನೆ.
ಭಾನುವಾರ ರಾತ್ರಿ ಅದೇ ಮೇಜಿನ ಮೇಲೆ
ಛಾಪಾಕಾಗದ ಸರಿಸಿ ನರಕ ಹಾಸುತ್ತೇನೆ.

ಬರುವವರು ಮೂವರು.
ಜಿಲ್ಲಾಸ್ಪತ್ರೆಯ ನರ್ಸ್ ಝಬೀನಾ, ಆಟದಲ್ಲಿ ಕಳ್ಳಿ.
ಪಾತ್ರೆ ಅಂಗಡಿಯ ಧರಣೇಂದ್ರ, ಆಟದಲ್ಲಿ ಖಡ್ಗಧಾರಿ,
ಹೊರಗೆ ಹೊತ್ತು ಮುಳುಗಿದರೆ ನೀರೂ ಮುಟ್ಟದವನು.
ಆಲೂರಿನಿಂದ ಪಿಕಪ್ ಓಡಿಸಿಕೊಂಡು ಬರುವ ಲ್ಯಾನ್ಸಿ,
ಮಂತ್ರವಾದಿ; ತನ್ನ ಮಂತ್ರ ತಾನೇ ಮರೆಯುತ್ತಾನೆ.
ನಡುವೆ ಇಪ್ಪತ್ತು ಮುಖದ ದಾಳ,
ಒಂದು ಮೂಲೆ ಸವೆದು ಏಳೇ ಹೆಚ್ಚು ಬೀಳುತ್ತದೆ.

ಮೊದಮೊದಲು ನಾನೂ ಕೋರೆಹಲ್ಲಿನವರನ್ನೇ ತಂದೆ.
ಕೆಂಡದ ಕಣ್ಣು, ಕರುಳಿನ ಮಾಲೆ, ಹಾಳು ಬಾವಿ.
ಯಾರೂ ಹೆದರಲಿಲ್ಲ.
ಹಳೇಬೀಡಿನ ಗೋಡೆ ನೋಡಿ ಬೆಳೆದವರು ಇವರು;
ಶಾಲೆಯ ಪ್ರವಾಸದಲ್ಲಿ ಮೂಗು ಮುರಿದ ರಾಕ್ಷಸನ ನೆರಳಲ್ಲಿ ಕೂತು
ಚಿತ್ರಾನ್ನ ತಿಂದು ಕೈ ಒರೆಸಿದವರು.
ಹಸಿವು ಹಸಿವು ಎಂದು ನುಗ್ಗಿದ ಒಬ್ಬ ಅಸುರನನ್ನು
ಧರಣೇಂದ್ರ ಕತ್ತಿ ಎತ್ತದೆ ಕೇಳಿದ:
"ಎಷ್ಟು ದಿನ ಆಯ್ತಪ್ಪ ಉಂಡು?"
ನನ್ನ ಹತ್ತಿರ ಉತ್ತರ ಬರೆದಿಟ್ಟಿರಲಿಲ್ಲ.
ಆ ಅಸುರ ಈಗಲೂ ಅವರ ಜೊತೆಗಿದ್ದಾನೆ, ಮೂಟೆ ಹೊರುತ್ತಾನೆ.

ಆಮೇಲೆ ತಿಳಿಯಿತು,
ರಾಕ್ಷಸ ಬೇರೆ, ಸೈತಾನ ಬೇರೆ.
ಒಬ್ಬ ಬಾಗಿಲು ಒಡೆಯುತ್ತಾನೆ.
ಇನ್ನೊಬ್ಬ ತಟ್ಟುತ್ತಾನೆ, ಚಪ್ಪಲಿ ಹೊರಗೆ ಬಿಡುತ್ತಾನೆ,
ಕಂಕುಳಲ್ಲಿ ಕಡತ.
ಅವನಿಗೆ ದನಿ ಹುಡುಕಿ ನಾನು ಅಲೆಯಬೇಕಾಗಲಿಲ್ಲ.
ಇಪ್ಪತ್ತೆರಡು ವರ್ಷ ಆ ದನಿಯಲ್ಲೇ ಅನ್ನ ಉಂಡಿದ್ದೇನೆ.

"ಸದರಿ ಆತ್ಮವು ನನ್ನ ಸ್ವಯಾರ್ಜಿತವಾಗಿದ್ದು,
ಇದರ ಮೇಲೆ ಸಾಲಸೋಲ, ಜೀವನಾಂಶ, ಜಪ್ತಿ, ಜಾಮೀನು
ಯಾವುದೂ ಇರುವುದಿಲ್ಲವೆಂದು ನಂಬಿಸಿ,
ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತಳಾಗಿ,
ಈ ದಿವಸ ಮೊದಲ್ಗೊಂಡು ತಮ್ಮ ಸ್ವಾಧೀನಕ್ಕೆ..."

ಲ್ಯಾನ್ಸಿ ಶಿಲುಬೆಯ ಗುರುತು ಹಾಕಿಕೊಂಡ.
ನಗುತ್ತಲೇ. ಆದರೂ ಹಾಕಿಕೊಂಡ.
ಕೆಳಗೆ ಕಂಡಕ್ಟರ್ ಒಬ್ಬ ಅರಸೀಕೆರೆ ಅರಸೀಕೆರೆ ಎಂದು
ಖಾಲಿ ರಸ್ತೆಯನ್ನು ಕರೆಯುತ್ತಿದ್ದ.

ಬೆಲೆ: ಕಳ್ಳಿಯ ಸತ್ತ ತಂಗಿ, ಜೀವಂತ.
ಅದೇ ಜಡೆ, ಅದೇ ಹುಣಸೆಬೀಜ ತುಂಬಿದ ಜೇಬು.
ಇಷ್ಟು ಬರೆದದ್ದು ನಾನೇ. ಸ್ವಲ್ಪ ಹೆಚ್ಚಾಯಿತೇನೋ.
ಝಬೀನಾ ಮಾತಾಡಲಿಲ್ಲ. ಮೂರು ರಾತ್ರಿಪಾಳಿಯ ಕಣ್ಣು.
ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರಕ್ಕೆ
ಊರಿನವರ ಸಹಿ ಹಾಕಿಸುವ ಕೈ ಅವಳದು.
ಕಾಗದ ತನ್ನ ಕಡೆ ತಿರುಗಿಸಿಕೊಂಡಳು, ಬೆರಳಿಟ್ಟು ಓದಿದಳು,
ಹಿಂಬದಿಯನ್ನೂ.
ಆಮೇಲೆ ಕೇಳಿದಳು,
"ಇದಕ್ಕೆ ಚೆಕ್ಕುಬಂದಿ ಎಲ್ಲಿ?"

"ಏನು?"
"ಆತ್ಮ ಮಾರ್ತಿದೀನಲ್ಲ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರದು?
ಉತ್ತರಕ್ಕೆ ನಮ್ಮಮ್ಮ ಬರ್ತಾಳಾ? ದಕ್ಷಿಣಕ್ಕೆ ದಾರಿ ಇದೆಯಾ?
ಎಲ್ಲಿಂದ ಎಲ್ಲೀವರೆಗೆ ನಾನು ಅಂತ ಬರೀದೆ
ಏನನ್ನ ಕೊಂಡ್ಕೊತೀಯ ನೀನು?"

ಆಟದ ಪುಸ್ತಕದಲ್ಲಿ ಇದಕ್ಕೆ ನಿಯಮವಿಲ್ಲ.
ಸೈತಾನ ನನ್ನ ಮುಖದಲ್ಲಿ ಬಾಯಿ ತೆರೆದು ಕೂತ.
ಚೆಕ್ಕುಬಂದಿಯಿಲ್ಲದ ಪತ್ರ ನೋಂದಣಿಯಾಗದು;
ನರಕಕ್ಕೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತು.
"ದಾಳ ಹಾಕ್ಲಾ?" ಅಂದಳು. ಬೇಡ ಅಂದೆ.
ಅವನು ಕಡತ ಕಟ್ಟಿ, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದ.
ತಂಗಿಯನ್ನೂ ಕರೆದುಕೊಂಡು ಹೋದ.
ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಸೋಮವಾರ ಹನ್ನೊಂದಕ್ಕೆ, ದುದ್ದದ ಕಡೆಯ ಅಣ್ಣ ತಂಗಿ.
ಹಕ್ಕುಬಿಡುಗಡೆ ಪತ್ರ. ಹೇಳಿದ್ದು ಅವನು, ಬರೆದದ್ದು ನಾನು.
ಅವಳು ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು
"ಎಲ್ಲಿ ಒತ್ಲಿ ಅಕ್ಕಾ?" ಅಂದಳು.
ಯಾರ ಬಲವಂತವೂ ಇಲ್ಲದೆ ಎಂಬ ಸಾಲು
ನನ್ನದೇ ಅಕ್ಷರದಲ್ಲಿ ಒಣಗುತ್ತಿತ್ತು.
ಮೇಜಿನ ಕಾಲಿನ ಬಳಿ ನಿನ್ನೆ ಉರುಳಿದ ದಾಳ,
ಯಾವ ಮುಖ ಮೇಲೋ ಕಾಣಿಸಲಿಲ್ಲ.
ಕಾಗದ ನನ್ನ ಕಡೆಗೆ ಎಳೆದುಕೊಂಡೆ.
"ಒಂದ್ನಿಮಿಷ ತಾಳು. ಮೊದಲು ಓದ್ತೀನಿ, ಕೇಳಿಸ್ಕೋ.
ಪೂರ್ವಕ್ಕೆ..."
ಅಣ್ಣ ಗಡಿಯಾರ ನೋಡಿದ.